ಹೆಡ್ಡಾಫೀಸಿಗೆ ‘ಅಪ್ರೈಸ್’ ಮಾಡೋದು ಹೇಗೆ?

ಹಾನುಬಾಳು ರೈಟರ್ (ಸಕಲೇಶಪುರ)

ಎಸ್ಟೇಟಿನ ವಾರದ ರಿಪೋರ್ಟ್ ಇಂಗ್ಲಿಷಿನಲ್ಲೇ ಹೋಗಬೇಕು. ಹೆಡ್ಡಾಫೀಸಿನ ಮೇಲ್‌ಗಳಲ್ಲಿ ‘ಕೀಪ್ ಅಸ್ ಅಪ್ರೈಸ್ಡ್’ (ನಮಗೆ ತಿಳಿಸುತ್ತಿರಿ) ಅಂತ ಬರುತ್ತಿರುತ್ತೆ. ಅದೇ ಪದ ಹಾಕಿ ಬರೆದ ಮೂರು ವಾಕ್ಯ ಇವು (ಬೋರರ್ ಅಂದರೆ ಗಿಡ ಕೊರೆಯೋ ಹುಳ), ಸರಿಯಾ ನೋಡಿ:

‘ಐ ಅಪ್ರೈಸ್ಡ್ ಟು ದ ಮ್ಯಾನೇಜರ್ ಅಬೌಟ್ ದ ಬೋರರ್.’
‘ವಿ ವಿಲ್ ಅಪ್ರೈಸ್ ದ ರೇನ್‌ಫಾಲ್ ಟು ಯು.’
‘ಕೈಂಡ್ಲಿ ಅಪ್ರೈಸ್.’

ಸ್ಪೆಲಿಂಗ್ ಎ-ಪಿ-ಪಿ-ಆರ್-ಎ-ಐ-ಎಸ್-ಇ ಹಾಕಿದ್ದೇನೆ. ಕಂಪ್ಯೂಟರ್ ಕೆಂಪು ಗೆರೆ ಎಳೆದಿಲ್ಲ.

ಬಿಸಿಲೆ ಘಾಟಿ

ಮೂರೂ ತಪ್ಪು ಸಾರ್. ಮೂರಕ್ಕೂ ಕಾರಣ ನಮ್ಮ ‘ತಿಳಿಸು’. ಕನ್ನಡದಲ್ಲಿ ಮ್ಯಾನೇಜರಿಗೆ ವಿಷಯವನ್ನು ತಿಳಿಸುತ್ತೇವೆ. ವ್ಯಕ್ತಿಗೆ ‘ಗೆ’, ವಿಷಯಕ್ಕೆ ‘ಅನ್ನು’. ಆ ‘ಗೆ’ಯೇ ನಿಮ್ಮ ಇಂಗ್ಲಿಷಿನಲ್ಲಿ ‘ಟು’ ಆಗಿ ಕೂತಿದೆ. ಅಪ್ರೈಸ್‌ನ ನಡೆ ತಿರುಗುಮುರುಗು: ವ್ಯಕ್ತಿಯೇ ನೇರ ಕರ್ಮ, ನಡುವೆ ‘ಟು’ ಬರೋದಿಲ್ಲ, ವಿಷಯದ ಮುಂದೆ ‘ಆಫ್’ ಬರುತ್ತೆ. ‘ತಿಳಿಸು’ ಮರೆತು ‘ಎಚ್ಚರಿಸು’ ನೆನಪಿಡಿ. ಮ್ಯಾನೇಜರನ್ನು ಎಚ್ಚರಿಸಿದೆ ಅಂತೀವಲ್ಲ, ಹಾಗೆ.

‘ಐ ಅಪ್ರೈಸ್ಡ್ ದ ಮ್ಯಾನೇಜರ್ ಆಫ್ ದ ಬೋರರ್ ಅಟ್ಯಾಕ್ ಇನ್ ಬ್ಲಾಕ್ ಫೋರ್.’

ಎರಡನೆಯದರಲ್ಲಿ ಮಳೆ ಕರ್ಮದ ಜಾಗದಲ್ಲಿ ಕೂತಿರೋದರಿಂದ ಮಳೆಗೇ ಸುದ್ದಿ ಮುಟ್ಟಿಸಿದ ಹಾಗಾಗಿದೆ. ‘ವಿ ವಿಲ್ ಅಪ್ರೈಸ್ ಯು ಆಫ್ ದ ರೇನ್‌ಫಾಲ್’ ಅನ್ನಬೇಕು. ಮೂರನೆಯದು ‘ದಯವಿಟ್ಟು ತಿಳಿಸಿ’ಯ ನಕಲು. ಕನ್ನಡದಲ್ಲಿ ಯಾರಿಗೆ ಅನ್ನೋದನ್ನು ಬಿಟ್ಟರೂ ನಡೆಯುತ್ತೆ, ಈ ಕ್ರಿಯಾಪದಕ್ಕೆ ನಡೆಯೋದಿಲ್ಲ. ‘ಕೈಂಡ್ಲಿ ಅಪ್ರೈಸ್ ಅಸ್ ಆಫ್ ಯುವರ್ ಡಿಸಿಷನ್’ ಅಂತ ಪೂರ್ತಿ ಬರೆಯಿರಿ.

‘ಕೀಪ್ ಅಸ್ ಅಪ್ರೈಸ್ಡ್’ ಬರೆಯುವಾಗ ಕೊನೆಯ ‘ಡಿ’ ಬಿಡಬೇಡಿ. ಗೇಟ್ ಮುಚ್ಚಿಯೇ ಇಡಿ ಅನ್ನೋದಕ್ಕೆ ‘ಕೀಪ್ ದ ಗೇಟ್ ಕ್ಲೋಸ್ಡ್’ ಅಂತೀವಲ್ಲ, ಅದೇ ಕಟ್ಟು.

ಮೂಡಿಗೆರೆ ಮಾಸ್ತರು

ಸ್ಪೆಲಿಂಗಿನದು ಇನ್ನೂ ದೊಡ್ಡ ಎಡವಟ್ಟು ಮಾರಾಯ್ರೆ. ನೀವು ಹಾಕಿರುವುದು ಅಪ್ರೇಸ್, ಅಂದರೆ ಬೆಲೆ ಕಟ್ಟುವುದು. ಅದೂ ನಿಘಂಟಿನಲ್ಲಿರುವ ಪದವೇ, ಹಾಗಾಗಿ ಕೆಂಪು ಗೆರೆ ಬರುವುದಿಲ್ಲ. ಆ ಸ್ಪೆಲಿಂಗಿನಲ್ಲಿ ನಿಮ್ಮ ಮೊದಲ ವಾಕ್ಯ ತಿದ್ದಿ ಕಳಿಸಿದರೂ ಮ್ಯಾನೇಜರಿಗೇ ಬೆಲೆ ಕಟ್ಟಿದ ಹಾಗೆ ಓದಿಸಿಕೊಳ್ಳುತ್ತೆ.

ಗೊಂದಲಕ್ಕೆ ನಮ್ಮ ಉಚ್ಚಾರಣೆಯೂ ಕಾರಣ. ಬ್ಯಾಂಕಿನಲ್ಲಿ ಅಡವಿಗಿಟ್ಟ ಚಿನ್ನ ತೂಗಿ ಬೆಲೆ ಹೇಳುವವರನ್ನು ಎಲ್ಲರೂ ‘ಗೋಲ್ಡ್ ಅಪ್ರೈಸರ್’ ಅಂತಾರೆ. ಆಫೀಸಿನಲ್ಲಿ ವರ್ಷಕ್ಕೊಮ್ಮೆ ‘ಅಪ್ರೈಸಲ್’. ಇಂಗ್ಲಿಷಿನಲ್ಲಿ ಇವು ಅಪ್ರೇಸರ್, ಅಪ್ರೇಸಲ್. ಎರಡೂ ‘ಎ-ಐ’ ಮನೆತನದವು. ಬಾಯಲ್ಲಿ ಒಂದೇ ಆದ ಮೇಲೆ ಕೈಯಲ್ಲಿ ಬೇರೆಯಾಗುವುದಾದರೂ ಹೇಗೆ?

ಗುರುತಿಗೆ: ಸರ್‌ಪ್ರೈಸ್‌ನ ಕೊನೆಯ ಐದು ಅಕ್ಷರ ಪಿ-ಆರ್-ಐ-ಎಸ್-ಇ. ಅಪ್ರೈಸ್‌ನದೂ ಅವೇ. ಬೆಲೆ ಕಟ್ಟುವ ಪದದೊಳಗೆ ಹೊಗಳಿಕೆಯ ‘ಪ್ರೇಸ್’ ಇಡಿಯಾಗಿ ಇದೆ. ಅಪ್ರೈಸ್‌ಗೆ ‘ಎಸ್’ ಬದಲು ‘ಜ಼ೆಡ್’ ಹಾಕುವ ರೂಪವೂ ಉಂಟು, ಆದರೆ ಅದಕ್ಕೆ ‘ಬೆಲೆ ಕಟ್ಟು’ ಎಂಬ ಹಳೆಯ ಅರ್ಥವೂ ಇರುವುದರಿಂದ ಆ ಗೊಡವೆ ಬೇಡ. ಮೂಲವೂ ಬೇರೆ ಬೇರೆ: ಅಪ್ರೈಸ್ ಬಂದಿದ್ದು ಕಲಿಯುವ, ಕಲಿಸುವ ಅರ್ಥದ ಫ್ರೆಂಚ್ ಕ್ರಿಯಾಪದದಿಂದ. ನಮ್ಮ ಐಟಿಐ ಹುಡುಗರ ‘ಅಪ್ರೆಂಟಿಸ್’ ಇದರ ದಾಯಾದಿ. ಅಪ್ರೇಸ್ ‘ಪ್ರೈಸ್’ ಅನ್ನುವ ಬೆಲೆಯ ಕಡೆಯದು.

ತೋಟಕ್ಕೆ ಆನೆ ನುಗ್ಗಿದರೆ ಎರಡೂ ಒಂದೇ ಪ್ಯಾರಾದಲ್ಲಿ ಬೇಕಾಗುತ್ತವೆ: ‘ವಿ ಅಪ್ರೈಸ್ಡ್ ದ ರೇಂಜ್ ಆಫೀಸರ್ ಆಫ್ ದ ಡ್ಯಾಮೇಜ್, ದ ಲಾಸ್ ಈಸ್ ಯೆಟ್ ಟು ಬಿ ಅಪ್ರೇಸ್ಡ್.’ ತಿಳಿಸಿದ್ದೇವೆ, ನಷ್ಟದ ಅಂದಾಜು ಇನ್ನೂ ಆಗಿಲ್ಲ. ಇವೆರಡು ಅದಲುಬದಲಾದರೆ ಓದಿದವರಿಗೆ ತಲೆಬುಡ ತಿಳಿಯುವುದಿಲ್ಲ.

ಹಾನುಬಾಳು ರೈಟರ್ (ಸಕಲೇಶಪುರ)

ಉಪಕಾರವಾಯ್ತು ಇಬ್ಬರಿಗೂ. ‘ಹೂಮಳೆ 1 ಇಂಚು 10 ಸೆಂಟ್ ಆಗಿದೆ’ ಅನ್ನೋ ಇಡೀ ವಾಕ್ಯ (ಹೂಮಳೆ ಅಂದರೆ ಕಾಫಿ ಹೂ ಅರಳಿಸೋ ಮಳೆ, ಸೆಂಟ್ ಅಂದರೆ ಇಂಚಿನ ನೂರನೇ ಒಂದು ಪಾಲು) ಸೇರಿಸಬೇಕಾದರೆ? ‘ಅಪ್ರೈಸ್ ಯು ದ್ಯಾಟ್’ ಆಗುತ್ತಾ? ‘ಇಂಟಿಮೇಟ್’ ಹಾಕಿದರೆ ಹೇಗೆ?

ಬಿಸಿಲೆ ಘಾಟಿ

‘ದ್ಯಾಟ್’ ಬರೆಯುವವರಿದ್ದಾರೆ, ಆದರೆ ಎಚ್ಚರದಿಂದ ಬರೆಯುವವರು ‘ಆಫ್ ದ ಫ್ಯಾಕ್ಟ್ ದ್ಯಾಟ್’ ಅಂತ ಸುತ್ತಿಕೊಂಡು ಬರ್ತಾರೆ. ಅಷ್ಟು ಸುತ್ತೋ ಬದಲು ‘ಇನ್ಫಾರ್ಮ್ ಯು ದ್ಯಾಟ್’ ವಾಸಿ. ಇಂಟಿಮೇಟ್ ಇದಕ್ಕೆ ಉಲ್ಟಾ ಕಣ್ರೀ: ಅದಕ್ಕೆ ವಿಷಯವೇ ಕರ್ಮ, ವ್ಯಕ್ತಿಗೆ ‘ಟು’. ‘ಇಂಟಿಮೇಟ್ ದ ಡೇಟ್ ಟು ಅಸ್.’ ನಮ್ಮ ಕಚೇರಿಗಳಲ್ಲಿ ‘ಇಂಟಿಮೇಟ್ ಮಿ’ ಓಡಾಡುತ್ತೆ, ಹೊರಗಿನವರ ಕಿವಿಗೆ ಅದು ಒಡೆದು ಕೇಳುತ್ತೆ.

ಮೂಡಿಗೆರೆ ಮಾಸ್ತರು

ಒಂದು ಮಾತು ಸೇರಿಸುತ್ತೇನೆ. ಮಳೆ ಲೆಕ್ಕಕ್ಕೆಲ್ಲ ಅಪ್ರೈಸ್ ಬೇಡ. ಸರ್ಕಾರಿ ಪತ್ರದ ‘ತಮ್ಮ ಅವಗಾಹನೆಗೆ ತರಬಯಸುತ್ತೇನೆ’ ಎಷ್ಟು ತೂಕವೋ ಇದೂ ಅಷ್ಟೇ ತೂಕದ್ದು. ಬೋರರ್, ಆನೆ, ಆಳುಗಳ ತಕರಾರು, ಇಂಥ ಮೇಲಿನವರು ತೀರ್ಮಾನ ತಗೋಬೇಕಾದ ವಿಷಯಕ್ಕೆ ಇಟ್ಟುಕೊಳ್ಳಿ. ಸೆಂಟ್ ಲೆಕ್ಕಕ್ಕೆ ‘ರೇನ್‌ಫಾಲ್’ ಅಂತ ಬರೆದು ಎದುರಿಗೆ ಅಂಕಿ ಹಾಕಿ, ಕ್ರಿಯಾಪದವೇ ಬೇಕಾಗಿಲ್ಲ.