ಕಾಲುವೆಯ ಬಣ್ಣದ ನೀರಿಗೆ ಮೋಸಂಬಿ ಸಿಪ್ಪೆ ಇದ್ದಿಲು

ಸೈಟ್ 18: ಲೇಔಟ್ ಗ್ರೂಪಿನ ಎಲ್ರಿಗೂ ನಮಸ್ಕಾರ, ಬೆಳಗ್ಗೆ ಎದ್ದು ನೋಡಿದ್ರೆ ಕಾಲುವೇಲಿ ಮತ್ತೆ ರಾಣಿ ಪಿಂಕ್. ದೊಡ್ಡಬಳ್ಳಾಪುರದಲ್ಲಿ ಇದ್ಕೊಂಡು ಮಗ್ಗ ಬೇಡ ಬಣ್ಣ ಬೇಡ ಅನ್ನೋಕಾಗಲ್ಲ ಒಪ್ತೀನಿ, ಆದ್ರೆ ಹಿಂದ್ಗಡೆ ಬಣ್ಣ ಹಾಕೋ ಶೆಡ್ಡೋರು ರಾತ್ರಿ ಹೊತ್ತಲ್ಲಿ ಬಣ್ಣದ ನೀರು ಸೀದಾ ಬಿಡೋದು ಯಾವ ನ್ಯಾಯ. ಮಗಳು ಬಿಎಸ್ಸಿ ಓದ್ತಿದಾಳಲ್ಲ, ಜ್ಯೂಸ್ ಅಂಗಡಿಯಿಂದ ಒಂದ್ ಚೀಲ ಮೋಸಂಬಿ ಸಿಪ್ಪೆ ತಂದು ಒಣಗಿಸಿ, ಹಳೇ ಬಿಸ್ಕತ್ ಡಬ್ಬಕ್ಕೆ ತುಂಬಿ, ಮುಚ್ಚಳಕ್ಕೆ ಮೊಳೆಲಿ ಒಂದು ತೂತು ಹೊಡೆದು ಸೌದೆ ಒಲೇಲಿ ಎರಡು ಗಂಟೆ ಇಟ್ಟಳು. ಗಾಳಿ ಸಿಗದೆ ಬೆಂದ್ರೆ ಬೂದಿ ಆಗಲ್ಲ, ಇದ್ದಿಲಾಗುತ್ತೆ, ಬಯೋಚಾರ್ ಅಂತಾರಂತೆ. ಪುಡಿ ಮಾಡಿ ಕಾಲುವೆ ನೀರಿಗೆ ಹಾಕಿ ರಾತ್ರಿಯೆಲ್ಲ ಇಟ್ಟು ಬಟ್ಟೇಲಿ ಸೋಸಿದ್ರೆ ಪಿಂಕ್ ಹೋಗಿ ತೆಳು ಟೀ ಥರ ಆಗಿತ್ತು!

ಸೈಟ್ 7: ಸೂಪರ್ ಸಾರ್, ಹಂಗಾದ್ರೆ ಬೋರ್‌ವೆಲ್ ಸಂಪಿಗೂ ಒಂದ್ ಚೀಲ ಹಾಕ್ಬಿಡೋಣ

ಸೈಟ್ 18: ಬೇಡ ಅಂಕಲ್, ಅಪ್ಪನ ಫೋನಿಂದ ನಾನು ಬರೀತಿರೋದು. ಬಣ್ಣ ಇದ್ದಿಲಿನ ತೂತುಗಳಿಗೆ ಅಂಟ್ಕೊಳ್ಳುತ್ತೆ ಅಷ್ಟೇ, ಉಪ್ಪು ಸೋಡಾ ಎಲ್ಲ ನೀರಲ್ಲೇ ಉಳಿಯುತ್ತೆ. ಟಿಡಿಎಸ್ ಮೀಟರ್ (ನೀರಲ್ಲಿ ಕರಗಿರೋ ಉಪ್ಪಿನಂಶ ತೋರಿಸೋದು) ಇಟ್ಟು ನೋಡಿದೆ, ಕಮ್ಮಿ ಆಗೋದಿರ್ಲಿ ಸ್ವಲ್ಪ ಜಾಸ್ತೀನೇ ತೋರಿಸ್ತು, ನಾನು ಇದ್ದಿಲು ತೊಳೀದೇ ಹಾಕಿದ್ದೆ, ಸಿಪ್ಪೆಯ ಪೊಟ್ಯಾಷ್ ಬಿಟ್ಕೊಂಡಿರುತ್ತೆ. ಕುಡಿಯೋ ನೀರಲ್ಲಿ ಅದು ಲೀಟರಿಗೆ 500 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲ ಅಂದ್ರೆ 2000 ವರೆಗೆ. ಇನ್ನೊಂದು, ರೇಷ್ಮೆಗೆ ಹಾಕೋದು ಆಸಿಡ್ ಡೈ, ನೀರಲ್ಲಿ ಸೋಪು ಸೋಡಾ ಜಾಸ್ತಿ ಇದ್ರೆ ಇದ್ದಿಲು ಅದನ್ನ ಅಷ್ಟಾಗಿ ಹಿಡಿಯಲ್ಲ. ನಿಂಬೆಹಣ್ಣು ಹಿಂಡಿದ ಮೇಲೇ ನನ್ ಬಾಟ್ಲಿ ತಿಳಿಯಾಗಿದ್ದು. ಮೆಥಿಲೀನ್ ಬ್ಲೂ ಅನ್ನೋ ನೀಲಿ ಬಣ್ಣ ಆಗಿದ್ರೆ ಇದ್ದಿಲು ಹಿಡಿಯೋದು ಸುಲಭ, ಲ್ಯಾಬಲ್ಲಿ ಎಲ್ರೂ ಅದನ್ನೇ ತಗೊಳ್ಳೋದು ಅದಕ್ಕೇ 😄

ಸೈಟ್ 31: ನಮ್ಮನೇಲೂ ನಾಲ್ಕು ಮಗ್ಗ ಇದಾವೆ. ಶೆಡ್ ಮುಚ್ಚಿಸೋ ಮಾತಾದ್ರೆ ನಾನು ಬರಲ್ಲ, ತೊಟ್ಟಿ ಕಟ್ಟಿಸಿ ನೀರು ಶುದ್ಧ ಮಾಡಿ ಬಿಡ್ಲಿ ಅಂತಾದ್ರೆ ಮೊದಲ ಸಹಿ ನಂದೇ

ಸೈಟ್ 18: ಅದೇ ಅಣ್ಣ, ಮುಚ್ಚಿಸೋದಲ್ಲ. ಕೊನೇ ತೊಟ್ಟೀಲಿ ಬೇಕಾದ್ರೆ ಈ ಇದ್ದಿಲು ಹಾಕ್ಲಿ, ಆದ್ರೆ ಖರ್ಚು ಅವರದ್ದು, ನಾವು ಸಿಪ್ಪೆ ಸುಡ್ತಾ ಕೂರೋಕಾಗಲ್ಲ. 1974ರ ಜಲ ಕಾಯ್ದೆ ಪ್ರಕಾರ ಹಿಂಗೆ ಬಿಡೋ ಹಂಗೇ ಇಲ್ಲ. ಭಾನುವಾರ ಬೆಳಗ್ಗೆ 6ಕ್ಕೆ ಮೋರಿ ಹತ್ರ ಬನ್ನಿ, ಫೋಟೋ ಹಿಡಿಯೋಣ, ಸೋಮವಾರ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ, ಸ್ಯಾಂಪಲ್ ಅವರೇ ಬಂದು ತಗೊಳ್ಲಿ, ನಮ್ ಬಾಟ್ಲಿ ಲೆಕ್ಕಕ್ಕೆ ಬರಲ್ಲ.

ಸೈಟ್ 22: ಪುಟ್ಟಿ, ಸೋಸಿ ಮಿಕ್ಕಿದ್ದ ಇದ್ದಿಲು ನಿಮ್ಮಮ್ಮ ಕೊಟ್ರು, ಕರಿಬೇವಿನ ಗಿಡಕ್ಕೆ ಹಾಕ್ಬಿಟ್ಟೆ ಕಣೇ

ಸೈಟ್ 18: ಅಯ್ಯೋ ಆಂಟಿ, ಬಣ್ಣ ಎಲ್ಲ ಅದ್ರಲ್ಲೇ ಇರೋದು!! ಮೇಲಿನ ಮಣ್ಣು ಸಮೇತ ಕೆರೆದು ಕವರಲ್ಲಿ ಕಟ್ಟಿಡಿ, ಬಂದು ತಗೊಂಡ್ಹೋಗ್ತೀನಿ