ಏನಾದರೂ ಕೆಟ್ಟರೆ ಮೊದಲು ಇಳಿಸೋದಾ, ಚೆಕ್‌ಲಿಸ್ಟ್ (ತುರ್ತಿನಲ್ಲಿ ಮಾಡಬೇಕಾದ ಕೆಲಸಗಳ ಪಟ್ಟಿ) ಓದೋದಾ?

ಕಿಟಕಿಸೀಟು: ನನ್ನದು ಒಂದೇ ಮಾತು. ವಿಮಾನದಲ್ಲಿ ಏನೇ ಕೆಡಲಿ, ಮೊದಲು ನೆಲ ಮುಟ್ಟಿಸಿ, ಪರೀಕ್ಷೆ ಆಮೇಲೆ. 1998ರಲ್ಲಿ ಸ್ವಿಸ್‌ಏರ್ 111ರ ಕಾಕ್‌ಪಿಟ್‌ನಲ್ಲಿ ಹೊಗೆ ಕಾಣಿಸಿತು. ಇಳಿಯೋಕೆ ಕೆನಡಾದ ಹ್ಯಾಲಿಫ್ಯಾಕ್ಸ್ ಕಡೆ ಹೊರಟಿದ್ದವರು ಭಾರ ಇಳಿಸೋಕೆ ಪೆಟ್ರೋಲ್ ಚೆಲ್ಲೋಣ ಅಂತ ಸಮುದ್ರದ ಕಡೆ ತಿರುಗಿದರು. 229 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಸ್ಪ್ಯಾನರ್: ಪೆಟ್ರೋಲಾ? ಜೆಟ್ ವಿಮಾನಕ್ಕೆ ಹಾಕೋದು ಸೀಮೆಎಣ್ಣೆ ಸ್ವಾಮಿ. ಅಷ್ಟೂ ಗೊತ್ತಿಲ್ಲದೆ ಪೈಲಟ್‌ಗಳ ಮೇಲೆ ತೀರ್ಪು ಬೇರೆ. ಕೆನಡಾದ ತನಿಖಾ ವರದಿ ಓದಿ. ತಡಮಾಡದೆ ಇಳಿಯೋಕೆ ಹೊರಟಿದ್ದರೂ ಬೆಂಕಿ ಹಬ್ಬಿದ ವೇಗಕ್ಕೆ ಸುರಕ್ಷಿತವಾಗಿ ಮುಟ್ಟುತ್ತಿರಲಿಲ್ಲ ಅಂತಿದೆ.

ಗಾಳಿಪಟ: ಪುಟ್ಟ ಪಿಸ್ಟನ್ ವಿಮಾನಗಳು ಕುಡಿಯೋದು ಪೆಟ್ರೋಲೇ ಕಣ್ರೀ. ಸುಮ್ಮನೆ ದಬಾಯಿಸಬೇಡಿ.

ಸ್ಪ್ಯಾನರ್: ಸ್ವಿಸ್‌ಏರ್‌ನ ಆ ಎಂಡಿ-11 ಜೆಟ್ ಯಾವಾಗಿಂದ ಪುಟ್ಟ ಪಿಸ್ಟನ್ ವಿಮಾನ ಆಯ್ತು?

ಹಳೇಡೈರಿ: ಇಂಧನ ಬಿಡಿ. "ಏನೇ ಕೆಡಲಿ" ಅನ್ನೋದೇ ತಪ್ಪು. 2010ರಲ್ಲಿ ಸಿಂಗಪುರದಿಂದ ಹೊರಟ ಕ್ವಾಂಟಸ್ 32ರ ಎರಡನೇ ಇಂಜಿನ್ ಸಿಡಿದು ಚೂರುಗಳು ರೆಕ್ಕೆ ಸೀಳಿದವು. ಪರದೆ ಮೇಲೆ ಎಚ್ಚರಿಕೆಗಳ ಸರಮಾಲೆ. ಪೈಲಟ್‌ಗಳು ಸುಮಾರು 50 ನಿಮಿಷ ಸುತ್ತುತ್ತಾ ಒಂದೊಂದನ್ನೇ ನೋಡಿದರು, ಬ್ರೇಕ್ ಎಷ್ಟು ಉಳಿದಿದೆ, ರನ್‌ವೇ ಸಾಲುತ್ತಾ ಅಂತ ಲೆಕ್ಕ ಹಾಕಿದರು. 469 ಜನರೂ ಬದುಕಿದರು. ಕಣ್ಣುಮುಚ್ಚಿ ಇಳಿಸಿದ್ದರೆ?

ಕಿಟಕಿಸೀಟು: "ಪೈಲಟ್‌ಗಳು" ಅಂತ ಜಾರಿಸಿಬಿಟ್ಟಿರಿ. ಅವತ್ತು ಕಾಕ್‌ಪಿಟ್‌ನಲ್ಲಿ ಐದು ಜನ ಇದ್ದರು. ಮಾಮೂಲಿ ಹಾರಾಟದಲ್ಲಿ ಇಬ್ಬರು. ಐದು ತಲೆ ಇದ್ದರೆ ನಾನೂ ಪಟ್ಟಿ ಓದಿಸ್ತೀನಿ.

ಗಾಳಿಪಟ: @ಸ್ಪ್ಯಾನರ್, ನೀವು ಹೇಳಿದ್ದು "ಜೆಟ್". ಇಲ್ಲಿ ಚರ್ಚೆ "ವಿಮಾನ". ಪಿಸ್ಟನ್ನೂ ವಿಮಾನವೇ.

ಸ್ಪ್ಯಾನರ್: ಪಿಸ್ಟನ್ ವಿಮಾನದಲ್ಲಿ ಇಂಧನ ಚೆಲ್ಲೋ ವ್ಯವಸ್ಥೆ ತೋರಿಸಿ ನೋಡೋಣ.

ಗಾಳಿಪಟ: ಹಳೇ ಕಾಲದ ನಾಲ್ಕು ಇಂಜಿನ್‌ನ ದೊಡ್ಡ ಪಿಸ್ಟನ್ ವಿಮಾನಗಳಲ್ಲಿ ಇತ್ತು. ಮುಂದಿನ ಪ್ರಶ್ನೆ?

ಸ್ಪ್ಯಾನರ್: ಅಜ್ಜನ ಕಾಲದ್ದು ತಂದು ಗೆದ್ದೆ ಅನ್ನಬೇಡಿ. ಇವತ್ತು ಜನ ಹತ್ತೋ 737ರಲ್ಲೂ ಇಲ್ಲ, ಎ320ರಲ್ಲೂ ಇಲ್ಲ. ತುರ್ತು ಬಂದರೆ ಸುತ್ತು ಹಾಕಿ ಉರಿಸಬೇಕು, ಇಲ್ಲ ಹೆಚ್ಚಿನ ಭಾರದಲ್ಲೇ ಇಳಿಸಿ ಆಮೇಲೆ ನಮ್ಮಂಥವರ ಕೈಲಿ ತಪಾಸಣೆ ಮಾಡಿಸಬೇಕು.

ಮೋಡಮುಸುಕು: "ನಮ್ಮಂಥವರ" ಅಂದ್ರಾ? ಅದಕ್ಕೇ ಈ ಗತ್ತು.

ಹಳೇಡೈರಿ: ಐದು ತಲೆ ಬೇಡ, ಎರಡು ತಲೆಯದ್ದೇ ತಗೊಳ್ಳಿ. 1989, ಇಂಗ್ಲೆಂಡಿನ ಕೆಗ್‌ವರ್ತ್. ಹೊಸಾ 737-400ರ ಎಡ ಇಂಜಿನ್‌ನ ಫ್ಯಾನ್ ಬ್ಲೇಡ್ ಮುರಿದು ನಡುಕ, ಹೊಗೆ. ಪೈಲಟ್‌ಗಳು ಬಲ ಇಂಜಿನ್ ಅಂದುಕೊಂಡು ಅದರ ಥ್ರಾಟಲ್ (ಶಕ್ತಿ ಏರಿಳಿಸೋ ಹಿಡಿ) ಹಿಂದಕ್ಕೆ ಎಳೆದರು. ಕಾಕತಾಳೀಯವಾಗಿ ನಡುಕ ತಗ್ಗಿತು. ಸರಿಯಾಗಿದ್ದ ಇಂಜಿನ್ ಆಫ್ ಮಾಡಿ, ಕೆಟ್ಟಿದ್ದರ ಮೇಲೆ ರನ್‌ವೇವರೆಗೆ ಬಂದರು. ಕೊನೇ ಕ್ಷಣದಲ್ಲಿ ಅದೂ ಹೋಯ್ತು. 47 ಸಾವು. ಎಡಗಡೆ ಬೆಂಕಿ ಕಂಡ ಪ್ರಯಾಣಿಕರು ಹಿಂದೆ ಕೂತೇ ಇದ್ದರು. ಕ್ಯಾಪ್ಟನ್ ಮೈಕ್‌ನಲ್ಲಿ "ಬಲ" ಅಂದರೂ, ಬೆಂಕಿ ಎಡಗಡೆ ಅನ್ನೋ ಮಾತು ಕಾಕ್‌ಪಿಟ್‌ವರೆಗೆ ಹೋಗಲಿಲ್ಲ. ನನ್ನನ್ನು ಇವತ್ತಿಗೂ ಕಾಡೋದು ಅದೇ.

ಕಿಟಕಿಸೀಟು: "ರನ್‌ವೇವರೆಗೆ ಬಂದರು" ನೋಡಿ, ಇನ್ನಷ್ಟು ಬೇಗ ಬಂದಿದ್ದರೆ ಉಳಿಯುತ್ತಿದ್ದರು. ನನ್ನ ವಾದವೇ ಅದು.

ಹಳೇಡೈರಿ: ಅಯ್ಯೋ ದೇವರೇ.

ಕಿಟಕಿಸೀಟು: ದೇವರನ್ನ ಬಿಡಿ, 1978ರ ಯುನೈಟೆಡ್ 173ಕ್ಕೆ ಉತ್ತರ ಕೊಡಿ. ಲ್ಯಾಂಡಿಂಗ್ ಗೇರ್ (ಚಕ್ರಗಳು) ಸರಿಯಾಗಿ ಇಳಿದಿದೆಯಾ ಅಂತ ಅಮೆರಿಕದ ಪೋರ್ಟ್‌ಲ್ಯಾಂಡ್ ಮೇಲೆ ಸುಮಾರು ಒಂದು ಗಂಟೆ ಗಿರಕಿ. ಕೊನೆಗೆ ಟ್ಯಾಂಕ್ ಬರಿದಾಗಿ ಬಿತ್ತು. 10 ಜನ ಸತ್ತರು.

ಸ್ಪ್ಯಾನರ್: ಏನು ಬರಿದಾಗಿದ್ದು, ಪೆಟ್ರೋಲಾ?

ಗಾಳಿಪಟ: 😂

ಕಿಟಕಿಸೀಟು: ಸತ್ತವರ ವಿಷಯದಲ್ಲಿ ನಗು ಬರುತ್ತಾ? ನಾಚಿಕೆ ಆಗಬೇಕು ಇಬ್ಬರಿಗೂ.

ಮೋಡಮುಸುಕು: ನ್ಯೂಯಾರ್ಕ್‌ನ ಹಡ್ಸನ್ ನದಿ ಮೇಲೆ ವಿಮಾನ ಇಳಿಸಿದ್ದು ಯಾರಿಗೂ ನೆನಪಿಲ್ವಾ? 2009, ಹಕ್ಕಿಗಳು ಬಡಿದು ಎರಡೂ ಇಂಜಿನ್ ಹೋದವು. ಮೂರು ಪುಟದ ಚೆಕ್‌ಲಿಸ್ಟ್, ಮೊದಲ ಪುಟವೇ ಪೂರ್ತಿ ಆಗಲಿಲ್ಲ. ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ಪಟ್ಟಿಯ ಸರದಿ ಕಾಯದೆ ಎಪಿಯು (ವಿದ್ಯುತ್ ಕೊಡೋ ಪುಟ್ಟ ಸಹಾಯಕ ಇಂಜಿನ್) ಹಾಕಿದರು, ವಿದ್ಯುತ್ ಉಳಿಯಿತು. 155 ಜನ ಈಚೆ ಬಂದರು.

ಹಳೇಡೈರಿ: ಆದರೂ ಕೋ-ಪೈಲಟ್ ಪಟ್ಟಿ ಓದುತ್ತಲೇ ಇದ್ದ.

ಕಿಟಕಿಸೀಟು: ಸರದಿ ಮೀರಿದ್ದಕ್ಕೇ ಉಳಿದರು ಅನ್ನಿ.

ಸ್ಪ್ಯಾನರ್: ಮೊದಲು ನಿಮ್ಮ ಮೊದಲ ಪೋಸ್ಟ್ ತಿದ್ದಿ.

ಕಿಟಕಿಸೀಟು: ಸರಿ, ಅಲ್ಲಿ "ಪೆಟ್ರೋಲ್" ಬದಲು "ಇಂಧನ" ಅಂತ ಓದಿಕೊಳ್ಳಿ. ವಾದ ಇದ್ದ ಹಾಗೇ ಇದೆ.

ಸ್ಪ್ಯಾನರ್: ಮತ್ತೆ ಕೆನಡಾ ವರದಿ?

ಗಾಳಿಪಟ: ಪಿಸ್ಟನ್ ವಿಷಯಕ್ಕೆ ಇನ್ನೂ ಉತ್ತರ ಬಂದಿಲ್ಲ.