ಕ್ಯಾರಲ್ ರೈಟ್ ಕಾರ್ಮಿಕರ ಕಡೆಯವರಾ?

ಅಂಕಿಪ್ರೇಮಿ: ಅಮೆರಿಕದಲ್ಲಿ ಮೊಟ್ಟಮೊದಲ ಕಾರ್ಮಿಕ ಅಂಕಿಅಂಶಗಳ ಬ್ಯೂರೋ ಶುರುವಾಗಿದ್ದು ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, 1869ರಲ್ಲಿ. 1873ರಿಂದ 1888ರವರೆಗೆ ಅದರ ಮುಖ್ಯಸ್ಥರಾಗಿದ್ದವರು ಕ್ಯಾರಲ್ ರೈಟ್. ಅವರಿಲ್ಲದಿದ್ದರೆ ಅದು ಉಳಿಯುತ್ತಲೇ ಇರಲಿಲ್ಲ ಅನ್ನುವುದು ನನ್ನ ವಾದ.

ತುಂಗಾತೀರ: ಅವರಿಗಿಂತ ಮೊದಲಿದ್ದವರನ್ನು ಮರೆತರೆ ಹೇಗೆ? ಮೊದಲಿನ ಮುಖ್ಯಸ್ಥ ಹೆನ್ರಿ ಆಲಿವರ್, ಲಾರೆನ್ಸ್ ಎಂಬ ಊರಿನ ಹತ್ತಿ ಗಿರಣಿ ನಡೆಸಿದ್ದವರು. ಒಳಗಿನ ಕಷ್ಟ ಕಣ್ಣಾರೆ ಕಂಡಿದ್ದರು. ಅವರ ಜೊತೆಗಿದ್ದ ಜಾರ್ಜ್ ಮೆಕ್‌ನೀಲ್ ಎಂಟು ಗಂಟೆ ದುಡಿಮೆಗಾಗಿ ಹೋರಾಡಿದವರು. ಇವರ ವರದಿಗಳು ಗಿರಣಿಯವರಿಗೆ, ಬ್ಯಾಂಕಿನವರಿಗೆ ಚುಚ್ಚಿದವು. ಇಬ್ಬರನ್ನೂ ತೆಗೆದು ವಕೀಲರೂ ರಾಜ್ಯ ಸೆನೆಟರೂ ಆಗಿದ್ದ ರೈಟ್ ಅವರನ್ನು ಕೂರಿಸಿದರು. ಯಾರಿಗೆ ಅನುಕೂಲವಾಯಿತು, ಹೇಳಿ?

ಅಂಕಿಪ್ರೇಮಿ: ಬ್ಯೂರೋವನ್ನೇ ಮುಚ್ಚಿ ಅನ್ನುವ ಕೂಗು ಎದ್ದಿತ್ತು. ಆಗ ಬೇಕಿದ್ದದ್ದು ಯಾರೂ ತಳ್ಳಿಹಾಕಲಾಗದ ಲೆಕ್ಕ. ಅದನ್ನು ರೈಟ್ ಕೊಟ್ಟರು.

ಹಿತ್ತಲಮನೆ: 1884ರ ವರದಿಯನ್ನು ಯಾಕೆ ಬಿಟ್ಟಿರಿ? ಬಾಸ್ಟನ್‌ನಲ್ಲಿ ದುಡಿಯುವ ಹುಡುಗಿಯರ ನಡತೆಯ ಬಗ್ಗೆ ಜನ ಬಾಯಿಗೆ ಬಂದ ಹಾಗೆ ಆಡಿಕೊಳ್ಳುತ್ತಿದ್ದರು. ರೈಟ್ ಕಡೆಯವರು ಸಾವಿರಕ್ಕೂ ಜಾಸ್ತಿ ಹುಡುಗಿಯರನ್ನು ಮಾತಾಡಿಸಿದರು. ಕೂಲಿ ಎಷ್ಟು, ಮನೆ ಎಂಥದ್ದು, ಆರೋಗ್ಯ ಹೇಗಿದೆ, ಎಲ್ಲ ಕೇಳಿದರು. ಇವರು ಮರ್ಯಾದೆಯಿಂದ ಬದುಕುವ ಹೆಣ್ಣುಮಕ್ಕಳು ಅಂತ ಸರ್ಕಾರಿ ವರದಿಯಲ್ಲೇ ಬರೆದರು. ಸಣ್ಣ ವಿಷಯವಾ ಇದು? ಆ ಕಾಲದಲ್ಲಿ ಆ ಹುಡುಗಿಯರಿಗೆ ಮತವೂ ಇರಲಿಲ್ಲ.

ತುಂಗಾತೀರ: ಆ ವರದಿಯನ್ನು ನಾನೂ ಮೆಚ್ಚುತ್ತೇನೆ. ಆದರೆ ಮರ್ಯಾದೆಯ ಸರ್ಟಿಫಿಕೇಟ್ ಕೊಟ್ಟರೆ ಕೂಲಿ ಏರುತ್ತದಾ? ಮೆಕ್‌ನೀಲ್ ಕೇಳುತ್ತಿದ್ದದ್ದು ಕಾನೂನನ್ನು.

ಅಂಕಿಪ್ರೇಮಿ: ಹಾಗಾದರೆ ರೈಲುಬೋಗಿ ಮಾಡುತ್ತಿದ್ದ ಪುಲ್‌ಮನ್ ಕಂಪನಿಯ ಮುಷ್ಕರ ನೋಡಿ. 1885ರಲ್ಲೇ ರೈಟ್ ಕೇಂದ್ರ ಸರ್ಕಾರದ ಮೊದಲ ಕಾರ್ಮಿಕ ಕಮಿಷನರ್ ಆಗಿದ್ದರು. 1894ರ ತನಿಖಾ ಆಯೋಗಕ್ಕೆ ಅವರೇ ಅಧ್ಯಕ್ಷರು. ಕಂಪನಿ ಕೂಲಿ ಕಡಿತ ಮಾಡಿತು, ತನ್ನ ಮನೆಗಳ ಬಾಡಿಗೆ ಮಾತ್ರ ಇಳಿಸಲಿಲ್ಲ. ಅಂಥದೇ ಮನೆಗೆ ಶಿಕಾಗೋದಲ್ಲಿ ಇದ್ದದ್ದಕ್ಕಿಂತ ಅಲ್ಲಿ ಬಾಡಿಗೆ ಶೇ. 20ರಿಂದ 25 ಜಾಸ್ತಿ ಅಂತ ಆಯೋಗ ಬರೆಯಿತು. ಸಂಘಗಳನ್ನು ಮಾಲೀಕರು ಮಾನ್ಯ ಮಾಡಬೇಕು ಅಂತಲೂ ಹೇಳಿತು.

ತುಂಗಾತೀರ: ಆ ವರದಿ ಬರುವ ಹೊತ್ತಿಗೆ ಸೇನೆ ಬಂದು ಮುಷ್ಕರ ಮುರಿದಾಗಿತ್ತು. ಮರುವರ್ಷ ಮುಷ್ಕರದ ನಾಯಕ ಯೂಜೀನ್ ಡೆಬ್ಸ್ ಜೈಲಲ್ಲಿದ್ದರು.

ಹಿತ್ತಲಮನೆ: ಸೇನೆ ಕಳಿಸಿದ್ದು ಅಧ್ಯಕ್ಷ ಕ್ಲೀವ್‌ಲ್ಯಾಂಡ್. ಅದನ್ನು ರೈಟ್ ತಲೆಗೆ ಕಟ್ಟಬೇಡಿ. 1898ರಲ್ಲಿ ಅರ್ಡ್‌ಮನ್ ಕಾಯ್ದೆ ಬಂದು, ರೈಲ್ವೆ ಜಗಳಗಳಲ್ಲಿ ಸಂಧಾನ ಮಾಡುವ ಕೆಲಸ ಕಾರ್ಮಿಕ ಕಮಿಷನರ್‌ಗೂ ಸಿಕ್ಕಿತು.

ತುಂಗಾತೀರ: ಸರಿ, ಆ ಕಾಯ್ದೆಯ ವಿಷಯ ಒಪ್ಪಿದೆ. 1873ರಲ್ಲಿ ಆಲಿವರ್, ಮೆಕ್‌ನೀಲ್‌ರನ್ನು ಹೊರಹಾಕಿದ್ದನ್ನು ಮಾತ್ರ ಯಾವತ್ತೂ ಒಪ್ಪಲ್ಲ.